ಕ್ಲೇಮು ಫೈಲನ್ನು ಮೊದಲ ಗಂಟೆಯಿಂದ ಓದಿ

ಆರೋಗ್ಯ ವಿಮೆಯ ಕ್ಲೇಮುಗಳನ್ನು ತನಿಖೆ ಮಾಡುವವರಿಗೆ ಈ ಮಾತು. ರೋಗಿಯ ಕಡೆಯವರು ಮಾಡುವ ವಿಮಾ ವಂಚನೆ ಡಿಸ್ಚಾರ್ಜ್ ಸಮ್ಮರಿಯಲ್ಲಿ (ಆಸ್ಪತ್ರೆಯಿಂದ ಬಿಡುವಾಗ ಕೊಡುವ ಚಿಕಿತ್ಸೆಯ ಸಾರಾಂಶ) ಸಿಕ್ಕಿಬೀಳುವುದು ಕಡಿಮೆ. ಅದನ್ನು ಬರೆಯುವ ಹೊತ್ತಿಗೆ ಕ್ಲೇಮಿನ ಯೋಚನೆ ಎಲ್ಲರ ತಲೆಯಲ್ಲೂ ಕೂತಿರುತ್ತದೆ. ಹಾಗಾಗಿ ಆಸ್ಪತ್ರೆಯ ಪೂರ್ತಿ ಚಿಕಿತ್ಸಾ ದಾಖಲೆ, ಅಂದರೆ ಕೇಸ್ ಶೀಟ್ ತರಿಸಿಕೊಂಡು, ರೋಗಿ ದಾಖಲಾದ ಮೊದಲ ಗಂಟೆಯ ಟಿಪ್ಪಣಿಯಿಂದ ಓದಲು ಶುರುಮಾಡಿ. ನೋವಿನಲ್ಲಿರುವವರು ಡ್ಯೂಟಿ ಡಾಕ್ಟರ ಮುಂದೆ ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ. 'ಎಂಟು ವರ್ಷದಿಂದ ಸಕ್ಕರೆ ಕಾಯಿಲೆ' ಎಂಬ ಸಾಲು ಅಲ್ಲಿರುತ್ತದೆ. ಪಾಲಿಸಿ ಕೊಳ್ಳುವಾಗ ತುಂಬಿದ ಪ್ರಪೋಸಲ್ ಫಾರಂನಲ್ಲಿ ಅದೇ ಪ್ರಶ್ನೆಗೆ 'ಇಲ್ಲ'.

ಆ ಒಂದೇ ಸಾಲನ್ನು ಹಿಡಿದು ಕ್ಲೇಮು ತಳ್ಳಿಹಾಕಬೇಡಿ. ಅವಸರದಲ್ಲಿ '8 ದಿನ' ಹೋಗಿ '8 ವರ್ಷ' ಆಗಿರಬಹುದು. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯ ಅಂಕಿ ಹೆಚ್ಚಿದೆ ಎಂಬುದೂ ಸಾಲದು: ಅದು ಹಿಂದಿನ 2–3 ತಿಂಗಳ ಸಕ್ಕರೆಯನ್ನು ತೋರಿಸುತ್ತದೆಯೇ ಹೊರತು ಕಾಯಿಲೆ ರೋಗಿಗೆ ಗೊತ್ತಿತ್ತೆಂದು ಹೇಳುವುದಿಲ್ಲ. ಗೊತ್ತಿದ್ದೂ ಮುಚ್ಚಿಟ್ಟರೆ ಮಾತ್ರ ವಂಚನೆ. ಅದಕ್ಕೆ ಪಾಲಿಸಿಗಿಂತ ಹಿಂದಿನ ತಾರೀಖಿನ ಔಷಧಿ ಚೀಟಿಯೋ ಲ್ಯಾಬ್ ವರದಿಯೋ ಬೇಕು.

ಔಷಧಿ ಬಿಲ್ಲಿಗೆ ಹೆಚ್ಚು ಸಮಯ ಕೊಡಿ. ಬಿಲ್ಲಿನಲ್ಲಿ 12 ಇಂಜೆಕ್ಷನ್ ಇದೆ ಅನ್ನಿ. ನರ್ಸಿಂಗ್ ಚಾರ್ಟಿನಲ್ಲಿ ದಿನಕ್ಕೆ ಎರಡರಂತೆ ಮೂರು ದಿನ ಕೊಟ್ಟ ಗುರುತಿದೆ. ಉಳಿದ ಆರು ಎಲ್ಲಿ ಹೋದವು? ಎಷ್ಟೋ ಸಲ ಮನೆಯವರು ಅವನ್ನು ಔಷಧಿ ಅಂಗಡಿಗೆ ವಾಪಸು ಕೊಟ್ಟು ದುಡ್ಡು ಪಡೆದು, ಮೊದಲಿನ ಬಿಲ್ಲನ್ನೇ ಕ್ಲೇಮಿಗೆ ಲಗತ್ತಿಸಿರುತ್ತಾರೆ. ಬಿಲ್ ನಂಬರ್ ಹೇಳಿ ಅಂಗಡಿಯಿಂದ ರಿಟರ್ನ್ ಬಿಲ್ ಕೇಳಿದರೆ ಹೊರಬರುತ್ತದೆ. ಬ್ಯಾಚ್ ನಂಬರನ್ನೂ ನೋಡಿ. ಆ ಬ್ಯಾಚ್ ತಯಾರಾದದ್ದೇ ಬಿಲ್ಲಿನ ತಾರೀಖಿನ ನಂತರವಾದರೆ ಆ ಕಾಗದ ಆಮೇಲೆ ಹುಟ್ಟಿದ್ದು. ಮೊತ್ತಕ್ಕೆ ಸೊನ್ನೆ ಸೇರಿಸುವವರು ಒಟ್ಟು ಮೊತ್ತವನ್ನು ತಿದ್ದಿ, ಅಕ್ಷರದಲ್ಲಿ ಬರೆದದ್ದನ್ನು ಮರೆಯುತ್ತಾರೆ. ಸಾಲುಸಾಲಾಗಿ ಕೂಡಿ ನೋಡಿ.

ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರಿಗೆ ಚಿಕಿತ್ಸೆ ನಡೆದ ಅನುಮಾನವಿದ್ದರೆ ಹಳೆಯ ಕ್ಲೇಮುಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ರಕ್ತದ ಗುಂಪು, ಎತ್ತರ, ಹಳೆಯ ಶಸ್ತ್ರಚಿಕಿತ್ಸೆಯ ಕಲೆ ತಾಳೆಯಾಗಬೇಕು. ಪಿತ್ತಕೋಶ ತೆಗೆಸಿ ಹಣ ಪಡೆದವರ ಹೊಸ ಸ್ಕ್ಯಾನಿನಲ್ಲಿ 'ಪಿತ್ತಕೋಶ ಸಹಜ' ಎಂದಿದ್ದರೆ ರೋಗಿ ಬೇರೆಯವರಿರಬೇಕು, ಇಲ್ಲವೇ ಯಾರೋ ಸಿದ್ಧ ನಮೂನೆಯ ವರದಿಗೆ ಹೆಸರು ಹಾಕಿ ಕೈತೊಳೆದುಕೊಂಡಿರಬೇಕು. ಎರಡನೆಯದೂ ಅಪರೂಪವಲ್ಲ. ಸ್ಕ್ಯಾನಿನ ಚಿತ್ರಗಳನ್ನೇ ತರಿಸಿ ವೈದ್ಯರಿಗೆ ತೋರಿಸಿ.

ಎರಡು ಕಂಪನಿಗಳ ಪಾಲಿಸಿ ಇರುವುದು ತಪ್ಪಲ್ಲ, ಒಂದೇ ಖರ್ಚನ್ನು ಎರಡೂ ಕಡೆ ಪೂರ್ತಿ ಪಡೆಯುವುದು ತಪ್ಪು. ಮೂಲ ಬಿಲ್ ಬದಲು ನಕಲು ಬಂದಿದ್ದರೆ ಮೊದಲ ಕಂಪನಿಯ ಪಾವತಿ ಪತ್ರ ಕೇಳಿ.

ಮನೆಯವರನ್ನು ಕೊನೆಗೆ ಮಾತಾಡಿಸಿ, ಒಬ್ಬೊಬ್ಬರನ್ನೇ. 'ಸುಳ್ಳು ಬಿಲ್ ಕೊಟ್ಟಿದ್ದೀರಾ' ಅನ್ನಬೇಡಿ. ಎಷ್ಟನೇ ಮಹಡಿ, ಪಕ್ಕದ ಹಾಸಿಗೆಯಲ್ಲಿ ಯಾರಿದ್ದರು, ರಾತ್ರಿ ಜೊತೆಗೆ ಯಾರು ಮಲಗಿದ್ದರು ಎಂದು ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಓದಿ ಹೇಳಿ, ಸಹಿ ಪಡೆಯಿರಿ.