ಊರು ಮೊದಲೇ ತೀರ್ಪು ಕೊಟ್ಟಿರುವಾಗ ಮೊಕದ್ದಮೆ ನಡೆಸುವುದು ಹೇಗೆ: ಕಾಸರಗೋಡಿನ ಕನ್ನಡಿಗರಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಂಥ ಊರುಗಳಲ್ಲಿ ಒಂದು ಘೋರ ಅಪರಾಧ ನಡೆದರೆ, ಆರೋಪಪಟ್ಟಿ ಸಲ್ಲಿಕೆಯಾಗುವ ಮೊದಲೇ ತಪ್ಪಿತಸ್ಥ ಯಾರೆಂಬುದನ್ನು ವಾಟ್ಸ್ಆ್ಯಪ್ ಗುಂಪುಗಳೂ ಪೇಟೆಯ ಫ್ಲೆಕ್ಸ್‌ಗಳೂ ನಿಶ್ಚಯಿಸಿಬಿಡುತ್ತವೆ. ಅಂಥ ಮೊಕದ್ದಮೆಯಲ್ಲಿ ಸಿಲುಕಿದ ಕುಟುಂಬ, ಅದು ಆರೋಪಿಯ ಕಡೆಯದಾಗಿರಲಿ ಸಂತ್ರಸ್ತರ ಕಡೆಯದಾಗಿರಲಿ, ಕಾನೂನು ತೆರೆದಿಟ್ಟಿರುವ ಯಾವ ದಾರಿಯನ್ನು ಯಾವ ಹೊತ್ತಿನಲ್ಲಿ ಹಿಡಿಯಬೇಕೆಂಬುದು ಈ ಬರಹದ ವಿಷಯ.

ಒತ್ತಡ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ಸರಿಯಾಗಿ ಗುರುತಿಸಬೇಕು. ನಮ್ಮ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಈಗ ಜ್ಯೂರಿ, ಅಂದರೆ ಆರೋಪಿ ತಪ್ಪಿತಸ್ಥನೇ ಎಂದು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ, ಇಲ್ಲ. 1959ರಲ್ಲಿ ಮುಂಬಯಿಯ ನಾನಾವತಿ ಪ್ರಕರಣದಲ್ಲಿ, ಪತ್ನಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತ ನೌಕಾಪಡೆಯ ಅಧಿಕಾರಿ ನಾನಾವತಿಯ ಪರ ಬ್ಲಿಟ್ಜ್ ವಾರಪತ್ರಿಕೆ ಬಹಿರಂಗವಾಗಿ ನಿಂತಿದ್ದಾಗ, ಜ್ಯೂರಿ ಎಂಟಕ್ಕೆ ಒಂದರ ಬಹುಮತದಿಂದ ಆತ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ವಿಧಿಸಿದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1961ರಲ್ಲಿ ಎತ್ತಿಹಿಡಿಯಿತು. ಮುಂದೆ 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಗೆ ಜಾಗವನ್ನೇ ಇಡಲಿಲ್ಲ. ನ್ಯಾಯಾಧೀಶರೂ ಪತ್ರಿಕೆ ಓದುವವರೇ ಎಂಬುದು ನಿಜ. ಆದರೆ ಅವರು ತೀರ್ಪಿಗೆ ಕಾರಣ ಬರೆಯಬೇಕು, ಆ ಕಾರಣಗಳನ್ನು ಮೇಲಿನ ನ್ಯಾಯಾಲಯ ಪರಿಶೀಲಿಸಬಹುದು. ಹೀಗಾಗಿ ಜನಾಭಿಪ್ರಾಯದ ಪೆಟ್ಟು ಹೆಚ್ಚಾಗಿ ಬೀಳುವುದು ಊರಲ್ಲೇ ಬದುಕಬೇಕಾದ ಸಾಕ್ಷಿಗಳ ಮೇಲೆ, ವಕಾಲತ್ತು ಹಾಕಲು ಹಿಂಜರಿಯುವ ವಕೀಲರ ಮೇಲೆ.

ಮೊದಲ ಕೆಲಸ ವಕೀಲರನ್ನು ಗೊತ್ತುಮಾಡಿಕೊಳ್ಳುವುದು. ಇಂಥ ಆರೋಪಿಯ ಪರ ಯಾರೂ ವಾದಿಸಕೂಡದೆಂದು ವಕೀಲರ ಸಂಘ ನಿರ್ಣಯ ಮಾಡಿದ್ದರೆ ಅದಕ್ಕೆ ಕಾನೂನಿನ ಬೆಲೆಯಿಲ್ಲ. ಕೊಯಮತ್ತೂರಿನಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇಂಥ ನಿರ್ಣಯಗಳೆಲ್ಲ ಅಸಿಂಧು ಎಂದು ಸ್ಪಷ್ಟವಾಗಿ ಹೇಳಿದೆ. ಆದರೂ ಯಾರೂ ಮುಂದೆ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಲಿಖಿತವಾಗಿ ಅರ್ಜಿ ಕೊಡಬೇಕು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ದೊರೆಯುತ್ತದೆ.

ಎರಡನೆಯದು ದಾಖಲೆ. ಊರೆಲ್ಲ ನಮ್ಮ ವಿರುದ್ಧ ಇದೆ ಎಂಬ ಮಾತಿಗೆ ಯಾವ ನ್ಯಾಯಾಲಯವೂ ಕಿವಿಗೊಡುವುದಿಲ್ಲ. ಯಾರು, ಯಾವ ದಿನ, ಎಲ್ಲಿ, ಯಾವ ಮಾತಿನಲ್ಲಿ ಬೆದರಿಸಿದರು, ನ್ಯಾಯಾಲಯದ ಆವರಣದಲ್ಲಿ ಯಾವ ವಾಯಿದೆಯಂದು ಗುಂಪು ಸೇರಿತು, ಪೊಲೀಸರಿಗೆ ಕೊಟ್ಟ ದೂರಿನ ರಸೀದಿ ಎಲ್ಲಿದೆ ಎಂಬುದನ್ನೆಲ್ಲ ಅಂದಂದೇ ಬರೆದಿಡಬೇಕು. ಮೊಬೈಲಿನ ಸಂದೇಶಗಳನ್ನು ಅಳಿಸದೆ ಮೂಲ ಸಾಧನದಲ್ಲೇ ಉಳಿಸಿಕೊಳ್ಳಬೇಕು. ಅವುಗಳ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಉತ್ತರ ಕೊಡುವ ಆವೇಶದಲ್ಲಿ ಮನೆಯವರೇ ಫೇಸ್‌ಬುಕ್ಕಿಗೆ ಇಳಿಯುವುದು ಸಾಮಾನ್ಯ, ಮತ್ತು ಅದರಷ್ಟು ಹಾನಿ ಎದುರಾಳಿಯೂ ಮಾಡಲಾರ.

ಸಾಕ್ಷಿಗೆ ಬೆದರಿಕೆ ಇದ್ದರೆ 2018ರಲ್ಲಿ ಸುಪ್ರೀಂ ಕೋರ್ಟ್ ಅನುಮೋದಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯ ಮಾದರಿಯಲ್ಲಿ ರಕ್ಷಣೆ ಕೇಳಬಹುದು. ಆ ಯೋಜನೆಯಂತೆ ಅರ್ಜಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ನೇತೃತ್ವದ ಸಮಿತಿಯ ಮುಂದೆ ಹೋಗುತ್ತದೆ, ಬೆದರಿಕೆಯ ಗಂಭೀರತೆಯ ಬಗ್ಗೆ ಪೊಲೀಸರಿಂದ ವರದಿ ತರಿಸಿಕೊಳ್ಳಲಾಗುತ್ತದೆ. ಇದರೊಂದಿಗೆ, ತನಿಖೆ ಮುಗಿಯುವ ಮೊದಲೇ ಮುಖ್ಯ ಸಾಕ್ಷಿಯ ಹೇಳಿಕೆಯನ್ನು, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸುವಂತೆ ತನಿಖಾಧಿಕಾರಿಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಪ್ರಮಾಣ ಮಾಡಿ ಹೇಳಿದ್ದನ್ನು ಮುಂದೆ ಊರವರ ಭಯಕ್ಕೆ ಅಲ್ಲಗಳೆಯುವುದು ಸುಲಭವಲ್ಲ. ಪತ್ರಿಕೆ, ಚಾನೆಲ್‌ಗಳ ಮೇಲೆ ನ್ಯಾಯಾಂಗ ನಿಂದನೆಯ ದಾರಿಯೂ ಇದೆಯಾದರೂ ಅದಕ್ಕೆ ಸಾಮಾನ್ಯವಾಗಿ ಅಡ್ವೊಕೇಟ್ ಜನರಲರ ಸಮ್ಮತಿ ಬೇಕು, ಕಾಲವೂ ಹಿಡಿಯುತ್ತದೆ.

ಇಷ್ಟರಿಂದಲೂ ಆಗದಿದ್ದಾಗ ಉಳಿಯುವುದು ಮೊಕದ್ದಮೆಯನ್ನು ಬೇರೆಡೆಗೆ ವರ್ಗಾಯಿಸುವಂತೆ ಕೇಳುವುದು. ಜಿಲ್ಲೆಯೊಳಗೇ ಬೇರೆ ನ್ಯಾಯಾಲಯ ಸಾಕೆನಿಸಿದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 448ನೇ ಕಲಮಿನಡಿ ಸೆಷನ್ಸ್ ನ್ಯಾಯಾಧೀಶರನ್ನು ಕೇಳಬೇಕು. ಅಲ್ಲಿ ತಿರಸ್ಕೃತವಾದ ಮೇಲಷ್ಟೇ ಅದೇ ಬೇಡಿಕೆಯನ್ನು ಹೈಕೋರ್ಟಿಗೆ ಒಯ್ಯಬಹುದು. ಕಣ್ಣೂರಿಗೋ ಕೋಝಿಕ್ಕೋಡಿಗೋ ಹೋಗಬೇಕಾದರೆ ಎರ್ನಾಕುಳಂನಲ್ಲಿರುವ ಹೈಕೋರ್ಟಿಗೆ 447ನೇ ಕಲಮಿನ ಅರ್ಜಿಯನ್ನು ಅಫಿಡವಿಟ್ ಸಹಿತ ಸಲ್ಲಿಸಬೇಕು. ಗಡಿ ದಾಟಿ ಮಂಗಳೂರಿಗೆ ಹೋಗಬೇಕಾದರೆ 446ನೇ ಕಲಮಿನಂತೆ ಸುಪ್ರೀಂ ಕೋರ್ಟೇ ಆಗಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ವಿಚಾರಣೆ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೇಳಬೇಕು.

ವರ್ಗಾವಣೆ ಸುಲಭವಾಗಿ ಸಿಗುವಂಥದ್ದಲ್ಲ. ಮೇನಕಾ ಗಾಂಧಿ ಮತ್ತು ರಾಣಿ ಜೇಠ್ಮಲಾನಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1979ರಲ್ಲಿ ಹೇಳಿದಂತೆ, ಪಕ್ಷಗಾರರ ಅತಿಸೂಕ್ಷ್ಮತೆಯಾಗಲಿ ಅನುಕೂಲವಾಗಲಿ ಅದಕ್ಕೆ ಸಾಲದು. ಆದರೆ ಸಾಕ್ಷಿಗಳು ಸಾಲಾಗಿ ಮಾತು ಬದಲಿಸಿದಾಗ ಇದೇ ನ್ಯಾಯಾಲಯ ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆಯನ್ನು 2003ರಲ್ಲಿ ಚೆನ್ನೈಯಿಂದ ಬೆಂಗಳೂರಿಗೆ ಕಳುಹಿಸಿತು. ತಮಿಳಿನ ಕಾಗದಪತ್ರಗಳನ್ನು ಭಾಷಾಂತರಿಸಬೇಕಾಯಿತು, ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2014ರಲ್ಲಿ.

ನಮ್ಮವರು ಅರ್ಜಿಗೆ ಸಹಿ ಹಾಕುವ ಮೊದಲು ತೂಗಿ ನೋಡಬೇಕಾದದ್ದು ಈ ಭಾಷೆಯ ಪ್ರಶ್ನೆಯನ್ನೇ. ಕಾಸರಗೋಡಿನ ನ್ಯಾಯಾಲಯದಲ್ಲಿ ಕನ್ನಡವೋ ತುಳುವೋ ಬಲ್ಲ ವಕೀಲರು, ಸಿಬ್ಬಂದಿ ಸಿಗುವುದುಂಟು; ದಕ್ಷಿಣಕ್ಕೆ ಹೋದಷ್ಟೂ ಆ ಆಸರೆ ಇಲ್ಲವಾಗುತ್ತದೆ, ಪೈವಳಿಕೆಯ ಕೃಷಿಕನೊಬ್ಬ ತುಳುವಿನಲ್ಲಿ ಹೇಳಿದ ಸಾಕ್ಷ್ಯ ಮಲಯಾಳ ಅಥವಾ ಇಂಗ್ಲಿಷಿಗೆ ಇಳಿಯುವಾಗ ಏನಾಯಿತೆಂದು ಪರೀಕ್ಷಿಸಲು ಯಾರೂ ಇರುವುದಿಲ್ಲ. ಊರಿನ ಒತ್ತಡಕ್ಕೆ ಸಾಕ್ಷಿ ರಕ್ಷಣೆಯೇ ಸಾಕಾಗುವಂತಿದ್ದರೆ ಇಲ್ಲೇ ಉಳಿಯುವುದು ಮೇಲೆಂಬುದು ನನ್ನ ಅಭಿಪ್ರಾಯ. ಹೋಗಲೇಬೇಕಾದರೆ, ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲೇ ಅವನ ಭಾಷೆಯಲ್ಲಿ ವಿವರಿಸಬೇಕೆನ್ನುವ ಅದೇ ಸಂಹಿತೆಯ 314ನೇ ಕಲಮನ್ನೂ, ದಾಖಲಾದ ತನ್ನ ಹೇಳಿಕೆಯನ್ನು ತನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿಸಿಕೊಳ್ಳುವ ಹಕ್ಕನ್ನು ಸಾಕ್ಷಿಗೆ ಕೊಡುವ 313ನೇ ಕಲಮನ್ನೂ ಉಲ್ಲೇಖಿಸಿ, ಭಾಷಾಂತರಕಾರರನ್ನು ಒದಗಿಸುವಂತೆ ಮೊದಲ ಸಾಕ್ಷಿಯ ವಿಚಾರಣೆಗೆ ಮುಂಚೆಯೇ ವಕೀಲರ ಮೂಲಕ ಲಿಖಿತ ಅರ್ಜಿ ಸಲ್ಲಿಸಬೇಕು.