ಮ್ಯಾಪ್‌ಗೆ ಡಾರ್ಕ್ ಮೋಡ್: ಕೊನೆಗೆ ಕೆಲಸ ಮಾಡಿದ ಕ್ರಮ

ಲೀಫ್ಲೆಟ್ (ಪುಟದಲ್ಲಿ ಮ್ಯಾಪ್ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ), ಓಪನ್‌ಸ್ಟ್ರೀಟ್‌ಮ್ಯಾಪ್ ಟೈಲ್ (ಮ್ಯಾಪಿನ ಚೌಕ ತುಂಡುಗಳು) ಬಳಸುವ ಸೈಟ್. ಡಾರ್ಕ್ ಮೋಡ್ ಹಾಕಿದರೆ ಪುಟವೆಲ್ಲ ಕಪ್ಪಾಗುತ್ತಿತ್ತು, ಮ್ಯಾಪ್ ಮಾತ್ರ ಕಣ್ಣು ಕುಕ್ಕುವಷ್ಟು ಬಿಳಿ. ಟೈಲ್ ಅಂದರೆ ಚಿತ್ರ ಅಲ್ವಾ, ಹಿನ್ನೆಲೆ ಬಣ್ಣ ಬದಲಿಸಿದರೆ ಅದಕ್ಕೇನೂ ಆಗುವುದಿಲ್ಲ.

ಒಪಾಸಿಟಿ ತಗ್ಗಿಸಿದೆ, ಊರಿನ ಹೆಸರುಗಳೇ ಮಸುಕಾದವು. ಬರೀ ಇನ್ವರ್ಟ್ (ಬಣ್ಣಗಳನ್ನು ನೆಗೆಟಿವ್‌ನಂತೆ ತಿರುಗಿಸುವ ಸಿಎಸ್‌ಎಸ್ ಫಿಲ್ಟರ್) ಹಾಕಿದೆ, ಕೆರೆಗಳು ಕಂದು ಬಣ್ಣಕ್ಕೆ ತಿರುಗಿದವು. ಇಡೀ ಮ್ಯಾಪ್‌ಗೆ ಫಿಲ್ಟರ್ ಹಾಕಿದಾಗ ಮಾರ್ಕರ್, ಪಾಪಪ್‌ನ ಫೋಟೋ ಎಲ್ಲ ನೆಗೆಟಿವ್.

ಸರಿಹೋದದ್ದು ಹೀಗೆ. ರಸ್ತೆ ಮ್ಯಾಪಿನ ಟೈಲ್‌ಲೇಯರ್‌ಗೆ ಮಾತ್ರ ಕ್ಲಾಸ್‌ನೇಮ್ ಆಯ್ಕೆಯಲ್ಲಿ ಒಂದು ಹೆಸರು (ಸಿಎಸ್‌ಎಸ್ ಕ್ಲಾಸ್) ಕೊಟ್ಟೆ. ಸ್ಯಾಟಲೈಟ್ ಲೇಯರ್‌ಗೆ ಕೊಡಬೇಡಿ. ಪ್ರಿಫರ್ಸ್-ಕಲರ್-ಸ್ಕೀಮ್ (ನೋಡುವವರು ಆರಿಸಿಕೊಂಡ ಬಣ್ಣದ ಮೋಡ್) ಡಾರ್ಕ್ ಇದ್ದಾಗ ಆ ಕ್ಲಾಸ್‌ಗೆ ಒಂದೇ ಸಾಲಿನ ಫಿಲ್ಟರ್: ಮೊದಲು ಬ್ರೈಟ್‌ನೆಸ್ 0.8, ಆಮೇಲೆ ಇನ್ವರ್ಟ್ 1, ಕೊನೆಗೆ ಹ್ಯೂ-ರೊಟೇಟ್ (ಬಣ್ಣದ ಚಕ್ರ ತಿರುಗಿಸುವುದು) 180 ಡಿಗ್ರಿ.

ಈ ಕ್ರಮ ತಪ್ಪಿಸಬೇಡಿ. ಟೈಲ್‌ನ ನೆಲದ ಬಣ್ಣದಲ್ಲಿ ಕೆಂಪಿನ ಬೆಲೆ, 0ಯಿಂದ 255ರ ಅಳತೆಯಲ್ಲಿ, 242. ಬ್ರೈಟ್‌ನೆಸ್ ಮೊದಲೇ ತಗ್ಗಿಸಿದರೆ ಅದು 194 ಆಗುತ್ತದೆ, ಇನ್ವರ್ಟ್ ಆದ ಮೇಲೆ 61. ಹದವಾದ ಕಡುಬೂದು. ಇನ್ವರ್ಟ್ ಮಾಡಿ ಆಮೇಲೆ ತಗ್ಗಿಸಿದರೆ 10, ಇದ್ದಿಲಿನಂಥ ಕಪ್ಪು. ಅಕ್ಷರಗಳೂ ಸುಮ್ನೆ ಮಂಕಾಗುತ್ತವೆ. ನಾನು ಜಾಸ್ತಿ ಹೊತ್ತು ಕಳೆದದ್ದು ಇಲ್ಲೇ. ಹ್ಯೂ-ರೊಟೇಟ್‌ನಿಂದ ನೀರು ಮತ್ತೆ ನೀಲಿ, ಕಾಡು ಮತ್ತೆ ಹಸಿರು. ಹೆದ್ದಾರಿಯ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಅದನ್ನು ಹಾಗೇ ಬಿಟ್ಟೆ.