ಮುರಿದ ಮಂಡಿ ಚಿಪ್ಪು ಕೂಡಿದ ಮೇಲೆ ಕಾಲಿಗೆ ಶಕ್ತಿ ತುಂಬುವುದು ಹೇಗೆ?

ಮಳೆಗಾಲದಲ್ಲಿ ಪಾಚಿ ಹಿಡಿದ ಮೆಟ್ಟಿಲಲ್ಲಿ ಜಾರಿ ನನ್ನ ಮಂಡಿ ಚಿಪ್ಪು ಒಡೆದಿತ್ತು. 'ಮೂಳೆ ಕೂಡಿದೆ' ಅಂತ ಡಾಕ್ಟರ್ ಹೇಳಿದ ವಾರವೇ ಅಂಗಳದಲ್ಲಿ ಮಂಡಿ ಪಟ್ಟನೆ ಮಡಚಿ ಕುಸಿದೆ. ಆಮೇಲೆ ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಗೆ ಓಡಾಡುವಾಗ ನೋಡಿದೆ, ಎಲ್ಲರೂ ಎಡವುವುದು ಒಂದೇ ಕಡೆ.

ಮಂಡಿಯನ್ನು ನೇರವಾಗಿ ಹಿಡಿಯುವುದು ತೊಡೆಯ ಮುಂದಿನ ಸ್ನಾಯು. ಕಾಲು ಕೆಲವು ವಾರ ಅಲುಗಾಡದಿದ್ದರೆ ಅದು ಸೊರಗುತ್ತದೆ. ಟೇಪಿನಲ್ಲಿ ಎರಡೂ ತೊಡೆ ಅಳೆದು ನೋಡಿ.

ಮೊದಲು, ಕಾಲಿಗೆ ಎಷ್ಟು ಭಾರ ಹಾಕಬಹುದು, ಎಷ್ಟು ಮಡಚಬಹುದು ಅಂತ ಡಾಕ್ಟರನ್ನು ಕೇಳಿ. ಊತ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್, 15 ನಿಮಿಷ. ಊದಿದ ಮಂಡಿಯ ಸ್ನಾಯು ಹೇಳಿದ ಮಾತು ಕೇಳುವುದಿಲ್ಲ.

ಈಗ ಕಷ್ಟದ ಹಂತ, ಎಲ್ಲರೂ ಎಡವುವುದು ಇಲ್ಲೇ. ಕಾಲು ಚಾಚಿ ಕೂತು, ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಡಿ. ಮಂಡಿಯ ಹಿಂಭಾಗದಿಂದ ಟವೆಲನ್ನು ಒತ್ತಿ. ಚಿಪ್ಪಿಗಿಂತ ಸ್ವಲ್ಪ ಮೇಲಕ್ಕೆ, ತೊಡೆಯ ಒಳಬದಿಗೆ ಎರಡು ಬೆರಳಿಟ್ಟಿರಿ. ಅಲ್ಲಿ ಮಾಂಸ ಗಟ್ಟಿಯಾಗಬೇಕು, ಚಿಪ್ಪು ಸ್ವಲ್ಪ ಮೇಲಕ್ಕೆ ಸರಿಯಬೇಕು. ಬರೀ ಪೃಷ್ಠ ಬಿಗಿದರೆ ಲೆಕ್ಕಕ್ಕಿಲ್ಲ. ಉಸಿರು ಕಟ್ಟಬೇಡಿ; ಒಂದರಿಂದ ಐದರವರೆಗೆ ಜೋರಾಗಿ ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ದಿನಗಳಲ್ಲಿ ಬೆರಳಿಗೆ ಏನೂ ಸಿಗದಿರಬಹುದು. ಆಗ ಒಳ್ಳೆ ಕಾಲಲ್ಲಿ ಮಾಡಿ, ಅದೇ ರೀತಿ ಇದರಲ್ಲೂ ಪ್ರಯತ್ನಿಸಿ. ಮುಗಿದ ಮೇಲೆ ಟವೆಲ್ ತೆಗೆದುಬಿಡಿ. ಹಾಯಾಗಿದೆ ಅಂತ ರಾತ್ರಿಯಿಡೀ ಮಂಡಿ ಕೆಳಗೆ ದಿಂಬಿಟ್ಟು ಮಲಗಿದರೆ ಕಾಲು ಪೂರ್ತಿ ನೇರವಾಗುವುದೇ ಕಷ್ಟ.

ಡಾಕ್ಟರ್ ಒಪ್ಪಿದ ಮೇಲೆ ಮಲಗಿ ಕಾಲನ್ನು ನೇರವಾಗಿ ಒಂದಡಿ ಎತ್ತಿ. ಎತ್ತುವಾಗ ಮಂಡಿ ಬಾಗಿದರೆ ಮತ್ತೆ ಟವೆಲಿಗೆ ವಾಪಸ್! ಹಿಮ್ಮಡಿ ಜಾರಿಸಿ ಮಂಡಿ ಮಡಚುವುದು ಸುಲಭ, ನಿಧಾನವಾಗಿ ಮಾಡಿ ಸಾಕು.

ನೀ ಕ್ಯಾಪ್ (ಮಂಡಿಗೆ ಹಾಕುವ ಎಲಾಸ್ಟಿಕ್ ಪಟ್ಟಿ) ಹಾಕಿದರೆ ಧೈರ್ಯ ಬರುತ್ತದೆ, ಶಕ್ತಿ ಬರುವುದಿಲ್ಲ. ನನ್ನದು ಎರಡೇ ವಾರಕ್ಕೆ ಸಡಿಲವಾಗಿ ಮೀನಖಂಡಕ್ಕೆ ಇಳಿಯುತ್ತಿತ್ತು. ಎಣ್ಣೆ ಹಚ್ಚಿ ಜಗ್ಗಿ ಮಡಚುವವರ ಕೈಗಂತೂ ಕಾಲು ಕೊಡಲೇಬೇಡಿ. ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಏದುಸಿರು ಬಂದರೆ ತಕ್ಷಣ ಹೊರಡಿ, ರಕ್ತ ಹೆಪ್ಪುಗಟ್ಟಿರಬಹುದು.

ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಇಳಿಜಾರಿನಲ್ಲಿ ತೊಡೆಗೆ ಜಾಸ್ತಿ ಕೆಲಸ, ಮೈಭಾರವನ್ನೆಲ್ಲ ತಡೆದು ತಡೆದು ಇಳಿಸಬೇಕಲ್ವಾ? ಕಾಫಿ ತೋಟದ ಇಳಿಜಾರಿಗೆ ನಾನು ಈಗಲೂ ಕೋಲು ಹಿಡಿದೇ ಹೋಗುವುದು.